ಕೊಳಗ ಯಾರ ಕೈಯಲ್ಲಿ?

ಕಣದಲ್ಲಿ ರಾಗಿ ಅಳೆಯುವುದನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತು. ಬಿತ್ತಿ, ಬೆಳೆದು, ಒಕ್ಕಿ, ರಾಶಿ ಮಾಡಿದವನು ಚೀಲದ ಬಾಯಿ ಹಿಡಕೊಂಡು ನಿಂತಿರುತ್ತಾನೆ. ಕೊಳಗ ಹಿಡಿದವನು ಬೇರೆ. ಸಾಲ ಕೊಡುವಾಗ ಒಂದು ಕೊಳಗ, ವಸೂಲಿ ಮಾಡುವಾಗ ಇನ್ನೊಂದು ಕೊಳಗ. ರಾಶಿ ಸುಳ್ಳು ಹೇಳುವುದಿಲ್ಲ, ಕೊಳಗ ಹೇಳುತ್ತದೆ.

ಈ ಮಾತು ನಮಗೆ ನೆನಪಾದದ್ದು ಆಟದ ಒಂದು ಜಗಳ ಕೇಳಿ. ಈಚೆಗೆ ಒಂದು ವಿದ್ಯಾರ್ಥಿ ನಿಲಯಕ್ಕೆ ಹೋಗಿದ್ದೆವು. ಊಟದ ಹೊತ್ತು. ನಾಲ್ಕಾರು ಹುಡುಗರು ಮೊಬೈಲಿನ ಸುತ್ತ ಮುತ್ತಿಕೊಂಡು ಕಿತ್ತಾಡುತ್ತಿದ್ದರು. ಅಮೆರಿಕಾದ ಬ್ಯಾಸ್ಕೆಟ್‌ಬಾಲ್ ಆಟಗಾರರಲ್ಲಿ ಎಲ್ಲ ಕಾಲಕ್ಕೂ ದೊಡ್ಡವನು ಯಾರು ಅಂತ. ‘ಮೈಕಲ್ ಜೋರ್ಡನ್ನೇ ಕಣೋ, ಆರು ಸಲ ಗೆದ್ದವ್ನೆ’ ಅಂತ ಒಬ್ಬ. ‘ಹೋಗಲೇ, ಲೆಬ್ರಾನ್ ಮುಂದೆ ಯಾವನೂ ಇಲ್ಲ’ ಅಂತ ಇನ್ನೊಬ್ಬ. ಮೂಲೆಯಲ್ಲಿ ಕೂತಿದ್ದ ಚಿಕ್ಕ ಹುಡುಗ ನಮ್ಮನ್ನು ಕೇಳಿದ: ‘ಈ ಪಟ್ಟಿ ಬರೆಯೋರು ಯಾರು ಸಾರ್?’

ಜಗಳವಾಡುತ್ತಿದ್ದವರು ನಕ್ಕರು. ನಮಗೆ ನಗು ಬರಲಿಲ್ಲ. ಆ ಹುಡುಗನೇ ಸರಿಯಾದ ಪ್ರಶ್ನೆ ಕೇಳಿದ್ದ. ಅವತ್ತು ನಾವು ಏನೋ ಒಂದು ಹೇಳಿ ಜಾರಿಕೊಂಡೆವು. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಆಟದ ಹುಟ್ಟು. 1891ರ ಡಿಸೆಂಬರ್ ತಿಂಗಳು. ಅಮೆರಿಕಾದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರು. ಹೊರಗೆ ಚಳಿ. ಒಳಗೆ ಆಡಿಸಲು ಒಂದು ಆಟ ಬೇಕಾಗಿತ್ತು. ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಹತ್ತು ಅಡಿ ಎತ್ತರದಲ್ಲಿ ಪೀಚ್ ಹಣ್ಣಿನ ಎರಡು ಬುಟ್ಟಿ ಹೊಡೆಸಿ, 13 ನಿಯಮ ಬರೆದ. ಅಷ್ಟೇ ಬಂಡವಾಳ. ಒಂದು ಚೆಂಡು, ಎರಡು ಬುಟ್ಟಿ. ಬಡವರ ಮಕ್ಕಳೂ ಆಡಬಹುದಾದ ಆಟ. ನೈಸ್ಮಿತ್ ಬರೆದ ನಿಯಮಗಳಲ್ಲಿ ಮೈಬಣ್ಣದ ಮಾತೇ ಇರಲಿಲ್ಲ. ಆದರೆ ಬರೆಯದ ನಿಯಮಗಳೇ ಸಮಾಜವನ್ನು ಆಳುತ್ತವೆ ಅನ್ನುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕರಿಯರಿಗೆ ಬಿಳಿಯರ ತಂಡಗಳಲ್ಲಿ ಜಾಗವಿರಲಿಲ್ಲ. ಅವರೇ ತಂಡ ಕಟ್ಟಿಕೊಂಡರು. ನ್ಯೂಯಾರ್ಕಿನ ಹಾರ್ಲೆಮ್ ಕೇರಿಯಲ್ಲಿ 1923ರಲ್ಲಿ ಬಾಬ್ ಡಗ್ಲಾಸ್ ಎಂಬಾತ ‘ರೆನೆಸಾನ್ಸ್’ ಎಂಬ ತಂಡ ಶುರು ಮಾಡಿದ. ಜನರ ಬಾಯಲ್ಲಿ ಅದು ‘ರೆನ್ಸ್’ ಆಯಿತು. ಆಡಿಸುತ್ತಿದ್ದವನೂ ಕರಿಯ, ಆಡುತ್ತಿದ್ದವರೂ ಕರಿಯರು. ಕುಣಿತದ ಮನೆಯ ನೆಲವೇ ಅವರ ಅಂಕಣ. ಊರೂರು ಬಸ್ಸಿನಲ್ಲಿ ಸುತ್ತಿ ಆಡಿದರು. ಆಡಿದ ಊರಿನಲ್ಲೇ ಹೋಟೆಲಿನಲ್ಲಿ ಕೋಣೆ ಕೊಡುತ್ತಿರಲಿಲ್ಲ, ಊಟ ಹಾಕುತ್ತಿರಲಿಲ್ಲ. ಚಪ್ಪಾಳೆ ತಟ್ಟಿದ ಕೈಗಳೇ ಬಾಗಿಲು ಹಾಕಿಕೊಳ್ಳುತ್ತಿದ್ದವು. ಇಂಥ ಬಾಳಿನಲ್ಲಿ 1932-33ರ ಋತುವಿನಲ್ಲಿ ರೆನ್ಸ್ ಸತತ 88 ಪಂದ್ಯ ಗೆದ್ದರು. 1939ರಲ್ಲಿ ಶಿಕಾಗೋದಲ್ಲಿ ನಡೆದ ವೃತ್ತಿಪರರ ವಿಶ್ವ ಪಂದ್ಯಾವಳಿಯಲ್ಲಿ ಕರಿಯರ, ಬಿಳಿಯರ ಎರಡೂ ಕಡೆಯ ತಂಡಗಳಿದ್ದವು. ಕೊನೆಯ ಪಂದ್ಯದಲ್ಲಿ ಆಷ್‌ಕಾಷ್ ಊರಿನ ಬಿಳಿಯರ ತಂಡವನ್ನು 34-25ರಿಂದ ಸೋಲಿಸಿ ರೆನ್ಸ್ ಚಾಂಪಿಯನ್ ಆದರು.

ಆಮೇಲೆ ಏನಾಯ್ತು? 1946ರಲ್ಲಿ ದೊಡ್ಡ ಊರುಗಳ ಕ್ರೀಡಾಂಗಣದ ಮಾಲೀಕರು ಸೇರಿ ಒಂದು ಸಂಘ ಕಟ್ಟಿದರು. 1949ರಲ್ಲಿ ಅದಕ್ಕೆ ಇನ್ನೊಂದು ಸಂಘ ಕೂಡಿಕೊಂಡು ಇವತ್ತಿನ ಎನ್.ಬಿ.ಎ. ಆಯಿತು. ರೆನ್ಸ್ ಆ ಇನ್ನೊಂದು ಸಂಘದಲ್ಲಿ ಕೊನೆಯ ವರ್ಷ ಆಡಿದ್ದರು. ಎರಡೂ ಕೂಡಿದಾಗ ಅವರನ್ನು ಹೊರಗೆ ಬಿಟ್ಟರು. ಹೊಸ ಮನೆ ಕಟ್ಟಿದರು, ಪಾಯ ತೋಡಿದವರಲ್ಲಿ ಒಬ್ಬರನ್ನು ಒಳಗೆ ಕರೆಯಲಿಲ್ಲ. ರೆನ್ಸ್ ಮುಗಿದುಹೋಯಿತು. ಅವರನ್ನು ಇಡೀ ತಂಡವಾಗಿ ಗೌರವಿಸಿ ಆಟದ ಕೀರ್ತಿಮಂದಿರಕ್ಕೆ ಸೇರಿಸಿದ್ದು 1963ರಲ್ಲಿ.

ಈಗ ‘ಶ್ರೇಷ್ಠ’ರ ಕಥೆಗೆ ಬರೋಣ. 1950ರಲ್ಲಿ ಅಮೆರಿಕಾದ ಒಂದು ದೊಡ್ಡ ಸುದ್ದಿಸಂಸ್ಥೆ ಪತ್ರಕರ್ತರ ಮತ ತೆಗೆದುಕೊಂಡು ಅರ್ಧ ಶತಮಾನದ ಶ್ರೇಷ್ಠ ಬ್ಯಾಸ್ಕೆಟ್‌ಬಾಲ್ ಆಟಗಾರ ಯಾರೆಂದು ಸಾರಿತು. ಹೆಸರು ಜಾರ್ಜ್ ಮೈಕನ್. ಮಿನಿಯಾಪೊಲಿಸ್ ಲೇಕರ್ಸ್ ತಂಡದ ಎತ್ತರದಾಳು. ಬಿಳಿಯ. ದೊಡ್ಡ ಆಟಗಾರನೇ, ಅದರಲ್ಲಿ ಎರಡು ಮಾತಿಲ್ಲ. ಅವನನ್ನು ತಡೆಯಲಾಗದೆ ಬುಟ್ಟಿಯ ಕೆಳಗಿನ ಪಟ್ಟಿಯನ್ನು 6 ಅಡಿಯಿಂದ 12 ಅಡಿಗೆ ಅಗಲ ಮಾಡಬೇಕಾಯಿತು. ಆದರೆ ಆ ತೀರ್ಪು ಬಂದಾಗ ಎನ್.ಬಿ.ಎ.ಯಲ್ಲಿ ಆಟವಾಡಿದ ಕರಿಯ ಒಬ್ಬನೂ ಇರಲಿಲ್ಲ. ಅರ್ಧ ನಾಡನ್ನು ಬೇಲಿಯಾಚೆ ನಿಲ್ಲಿಸಿ, ಬೇಲಿಯೊಳಗಿನವನಿಗೆ ಇಡೀ ನಾಡಿನ ಕಿರೀಟ ತೊಡಿಸಿದರು.

ಬೇಲಿಯಾಚೆ ಏನಿತ್ತು ಅನ್ನುವುದಕ್ಕೆ ಸಾಕ್ಷಿ ಇದೆ. 1948ರ ಫೆಬ್ರವರಿಯಲ್ಲಿ ಶಿಕಾಗೋದಲ್ಲಿ ಇದೇ ಮೈಕನ್ನನ ಲೇಕರ್ಸ್ ತಂಡಕ್ಕೂ, ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಎಂಬ ಕರಿಯರ ತಂಡಕ್ಕೂ ಪಂದ್ಯ ನಡೆಯಿತು. ಗ್ಲೋಬ್‌ಟ್ರಾಟರ್ಸ್ ಅಂದರೆ ಜನರನ್ನು ನಗಿಸುವ ಕೋಡಂಗಿ ಆಟದವರು ಅಂತ ಬಿಳಿಯರು ತಿಳಿದಿದ್ದರು. ಹೊಟ್ಟೆಪಾಡಿಗೆ ನಗಿಸಬೇಕಾಗಿತ್ತು, ನಗಿಸುತ್ತಿದ್ದರು. ಅವತ್ತು ನಗಿಸಲಿಲ್ಲ, ಆಡಿದರು. ಕೊನೆಯ ಕ್ಷಣದಲ್ಲಿ ಎರ್ಮರ್ ರಾಬಿನ್ಸನ್ ದೂರದಿಂದ ಎಸೆದ ಚೆಂಡು ಬುಟ್ಟಿಗೆ ಬಿತ್ತು. 61-59. ಮರುವರ್ಷವೂ ಲೇಕರ್ಸ್ ಅವರ ಕೈಲಿ ಸೋತರು. ಆದರೂ ಅರ್ಧ ಶತಮಾನದ ಶ್ರೇಷ್ಠನನ್ನು ಆರಿಸುವಾಗ ಕೊಳಗ ಆ ಕಡೆ ಹೋಗಲಿಲ್ಲ.

1950ರಲ್ಲಿ ಬೇಲಿ ಮುರಿಯಿತು. ಚಕ್ ಕೂಪರ್‌ನನ್ನು ಬಾಸ್ಟನ್ ಸೆಲ್ಟಿಕ್ಸ್ ಆರಿಸಿಕೊಂಡಿತು. ಗ್ಲೋಬ್‌ಟ್ರಾಟರ್ಸ್‌ನಿಂದ ನ್ಯಾಟ್ ಕ್ಲಿಫ್ಟನ್ ನ್ಯೂಯಾರ್ಕ್ ತಂಡಕ್ಕೆ ಬಂದ. ಅಕ್ಟೋಬರ್ 31ರಂದು ವಾಷಿಂಗ್ಟನ್ ತಂಡದ ಅರ್ಲ್ ಲಾಯ್ಡ್ ಅಂಕಣಕ್ಕಿಳಿದು ಎನ್.ಬಿ.ಎ.ಯಲ್ಲಿ ಆಡಿದ ಮೊದಲ ಕರಿಯನಾದ. ಬಾಗಿಲು ತೆರೆಯಿತು ಅಂದರೆ ಹಾರುಬಾಗಿಲು ತೆರೆಯಿತು ಎಂದಲ್ಲ. ಒಂದು ತಂಡಕ್ಕೆ ಇಬ್ಬರೋ ಮೂವರೋ ಕರಿಯರು ಸಾಕು ಅನ್ನುವ ಬರೆಯದ ಕಟ್ಟಳೆ ಬಹುಕಾಲ ಇತ್ತು. ಆಟದ ಮೊದಲ ಸಿಳ್ಳೆಗೆ ಐದಕ್ಕೆ ಐದೂ ಮಂದಿ ಕರಿಯರೇ ಅಂಕಣದಲ್ಲಿ ನಿಂತದ್ದು 1964ರ ಡಿಸೆಂಬರ್ 26ರಂದು, ಬಾಸ್ಟನ್ ತಂಡದಲ್ಲಿ. ಅರ್ಲ್ ಲಾಯ್ಡ್ ಬಂದು ಹದಿನಾಲ್ಕು ವರ್ಷವಾದ ಮೇಲೆ.

ಆಡುವುದಕ್ಕೆ ಬಿಟ್ಟರೂ ಉಣ್ಣುವುದಕ್ಕೆ ಬಿಡಲಿಲ್ಲ. 1959ರ ಜನವರಿಯಲ್ಲಿ ಎಲ್ಜಿನ್ ಬೇಲರ್ ಎಂಬ ಹೊಸ ಆಟಗಾರ ಪಶ್ಚಿಮ ವರ್ಜೀನಿಯಾದ ಚಾರ್ಲ್ಸ್‌ಟನ್ನಿಗೆ ತಂಡದ ಜತೆ ಹೋದ. ಹೋಟೆಲಿನವರು ಬಿಳಿಯರಿಗೆ ಮಾತ್ರ ಕೋಣೆ ಎಂದರು. ಬೇಲರ್ ಅವತ್ತು ಆಡಲೇ ಇಲ್ಲ. ಸಂಜೆ ತನ್ನ ಊರ ಬಟ್ಟೆಯಲ್ಲೇ ಬೆಂಚಿನ ಮೇಲೆ ಕೂತ. ಇಪ್ಪತ್ತನಾಲ್ಕು ವರ್ಷದ ಹುಡುಗ, ವೃತ್ತಿಯ ಮೊದಲನೇ ವರ್ಷ. 1961ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್ನಿನಲ್ಲಿ ಬಾಸ್ಟನ್ ತಂಡದ ಕರಿಯ ಆಟಗಾರರಿಗೆ ಹೋಟೆಲಿನ ಕಾಫಿ ಅಂಗಡಿಯಲ್ಲಿ ತಿನ್ನಲು ಕೊಡಲಿಲ್ಲ. ಬಿಲ್ ರಸೆಲ್ ಮತ್ತು ಸಂಗಾತಿಗಳು ಪಂದ್ಯ ಬಿಟ್ಟು ವಿಮಾನ ಹತ್ತಿದರು. ಎರಡನೇ ಲೋಟದ ಕಥೆ ಗೊತ್ತಿರುವ ನಮಗೆ ಈ ಕಥೆಯ ಅರ್ಥ ಬಿಡಿಸಿ ಹೇಳಬೇಕೆ?

ಇನ್ನು ಒಂದೇ ಒಂದು ಋತುವನ್ನು ತೆಗೆದುಕೊಂಡು ಕೊಳಗವನ್ನು ಪರೀಕ್ಷಿಸೋಣ. ಅದು 1961-62. ಲೆಕ್ಸಿಂಗ್ಟನ್ನಿನ ಕಾಫಿ ಅಂಗಡಿಯಿಂದ ಶುರುವಾದ ಅದೇ ಋತು.

ಆ ವರ್ಷ ವಿಲ್ಟ್ ಚೇಂಬರ್ಲಿನ್ ಎಂಬ ದೈತ್ಯ ಪಂದ್ಯಕ್ಕೆ ಸರಾಸರಿ 50.4 ಅಂಕ ಗಳಿಸಿದ. 1962ರ ಮಾರ್ಚ್ 2ರಂದು ಹರ್ಷೀ ಎಂಬ ಊರಿನಲ್ಲಿ ಒಂದೇ ಪಂದ್ಯದಲ್ಲಿ 100 ಅಂಕ. ಇವತ್ತಿನವರೆಗೂ ಆ ದಾಖಲೆ ಮುರಿದಿಲ್ಲ. ಅದೇ ವರ್ಷ ಆಸ್ಕರ್ ರಾಬರ್ಟ್‌ಸನ್ ಸರಾಸರಿ 30.8 ಅಂಕ, 12.5 ರಿಬೌಂಡ್, 11.4 ಅಸಿಸ್ಟ್ ಗಳಿಸಿದ. ರಿಬೌಂಡ್ ಅಂದರೆ ಗುರಿ ತಪ್ಪಿ ಮರಳಿದ ಚೆಂಡನ್ನು ಹಿಡಿಯುವುದು. ಅಸಿಸ್ಟ್ ಅಂದರೆ ಸಂಗಾತಿ ಬುಟ್ಟಿಗೆ ಹಾಕುವಂತೆ ಚೆಂಡು ದಾಟಿಸಿಕೊಡುವುದು. ಮೂರರಲ್ಲೂ ಎರಡಂಕಿಯ ಸರಾಸರಿಯನ್ನು ಇಡೀ ಋತುವಿಗೆ ಕಾಯ್ದುಕೊಂಡವನು ಅವನೇ ಮೊದಲಿಗ. ಅದೇ ವರ್ಷ ಬೇಲರ್ ಸೈನ್ಯದ ಸೇವೆಯಲ್ಲಿದ್ದುಕೊಂಡು, ರಜೆ ಸಿಕ್ಕಾಗ ಬಂದು 48 ಪಂದ್ಯ ಆಡಿ ಸರಾಸರಿ 38 ಅಂಕ ದಾಟಿದ.

ಹಾಗಾದರೆ ಆ ವರ್ಷದ ಅತ್ಯಮೂಲ್ಯ ಆಟಗಾರ ಯಾರು? ಆಗ ಆ ಪ್ರಶಸ್ತಿಗೆ ಮತ ಹಾಕುತ್ತಿದ್ದವರು ಆಟಗಾರರು. ಅವರು ವಿಲ್ಟ್‌ನನ್ನು ಆರಿಸಲಿಲ್ಲ, ಆಸ್ಕರ್‌ನನ್ನೂ ಆರಿಸಲಿಲ್ಲ. ಪಂದ್ಯಕ್ಕೆ ಇಪ್ಪತ್ತು ಅಂಕವನ್ನೂ ಮುಟ್ಟದ ಬಿಲ್ ರಸೆಲ್‌ನನ್ನು ಆರಿಸಿದರು! ಇನ್ನೊಂದು ಕಡೆ ಪತ್ರಕರ್ತರು ವರ್ಷದ ಶ್ರೇಷ್ಠ ಐವರ ತಂಡ ಆರಿಸುತ್ತಿದ್ದರು. ಅವರು ರಸೆಲ್‌ನನ್ನು ಹಾಕಿದ್ದು ಎರಡನೇ ತಂಡದಲ್ಲಿ. ಒಂದು ಸಲವಲ್ಲ. 1958, 1961, 1962, ಮೂರು ವರ್ಷ ಹೀಗೇ ಆಯಿತು. ಅಂಕಣದಲ್ಲಿ ಮೈಗೆ ಮೈ ತಾಗಿಸಿ ಆಡಿದವರು ‘ಇವನೇ ಮೊದಲು’ ಅಂದರು. ಮೇಲೆ ಕೂತು ಬರೆದವರು ‘ಇವನು ಎರಡನೇ ಸಾಲು’ ಅಂದರು. ಯಾರ ಮಾತು ನಿಜ? ಆ ವರ್ಷದ ಅಂತಿಮ ಸರಣಿಯ ಏಳನೇ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು. ರಸೆಲ್ 30 ಅಂಕ, 40 ರಿಬೌಂಡ್ ಹಿಡಿದು ಬಾಸ್ಟನ್ನನ್ನು ಗೆಲ್ಲಿಸಿದ.

ಪತ್ರಕರ್ತರ ಕಣ್ಣಿಗೆ ಯಾಕೆ ಕಾಣಲಿಲ್ಲ? ಬರೀ ಬಣ್ಣದ ಮಾತಾಗಿದ್ದರೆ ಹೇಳಿ ಮುಗಿಸುತ್ತಿದ್ದೆವು. ವಿಲ್ಟ್, ಆಸ್ಕರ್, ಬೇಲರ್ ಮೂವರೂ ಕರಿಯರೇ, ಮೂವರೂ ಆ ವರ್ಷದ ಮೊದಲ ತಂಡದಲ್ಲಿದ್ದರು. ಆದ್ದರಿಂದ ಇಲ್ಲಿ ಇನ್ನೊಂದು ಕೊಳಗವಿದೆ. ರಸೆಲ್‌ನ ದೊಡ್ಡಸ್ತಿಕೆ ಬುಟ್ಟಿಗೆ ಹಾಕುವುದರಲ್ಲಿರಲಿಲ್ಲ, ಹಾಕಗೊಡದಿರುವುದರಲ್ಲಿತ್ತು. ಎದುರಾಳಿ ಎಸೆದ ಚೆಂಡನ್ನು ಗಾಳಿಯಲ್ಲೇ ತಡೆಯುತ್ತಿದ್ದ. ಜೋರಾಗಿ ಬಡಿದು ಜನರ ಮಧ್ಯಕ್ಕೆ ಹಾರಿಸುತ್ತಿರಲಿಲ್ಲ, ಮೆಲ್ಲನೆ ತಟ್ಟಿ ತನ್ನವರ ಕೈಗೆ ಬೀಳಿಸುತ್ತಿದ್ದ. ಹೀಗೆ ತಡೆದ ಚೆಂಡುಗಳ ಲೆಕ್ಕವನ್ನು ಎನ್.ಬಿ.ಎ. ಬರೆದಿಡಲು ಶುರುಮಾಡಿದ್ದು 1973-74ರ ಋತುವಿನಲ್ಲಿ. ರಸೆಲ್ ಆಟ ಬಿಟ್ಟದ್ದು 1969ರಲ್ಲಿ. ಅಂದರೆ ಅವನ ಜೀವಮಾನದ ಮುಖ್ಯ ಕೆಲಸಕ್ಕೆ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಇವತ್ತು ಅಂಕಿ-ಅಂಶ ಹಿಡಿದು ಪಟ್ಟಿ ಮಾಡುವವರ ಕಂಪ್ಯೂಟರಿನಲ್ಲಿ ಆ ಜಾಗ ಖಾಲಿ. ಖಾಲಿ ಅಂದರೆ ಸೊನ್ನೆಯಲ್ಲ, ಬರೆಯಲಿಲ್ಲ ಅಷ್ಟೇ. ಬರೆಯದ್ದು ನಡೆಯಲೇ ಇಲ್ಲ ಅನ್ನುವ ಚರಿತ್ರೆಯಲ್ಲಿ ನಾವೂ ಬಹಳ ಕಾಲ ಸೊನ್ನೆಯಾಗಿದ್ದೆವು.

ರಸೆಲ್ ಯಾರು? 1934ರಲ್ಲಿ ದಕ್ಷಿಣದ ಲೂಯಿಸಿಯಾನಾ ರಾಜ್ಯದ ಮನ್ರೋದಲ್ಲಿ ಹುಟ್ಟಿದವನು. ಅಲ್ಲಿನ ಬಣ್ಣದ ಕಾಟ ತಾಳಲಾರದೆ ಅವನ ಅಪ್ಪ-ಅಮ್ಮ ಓಕ್ಲೆಂಡ್‌ಗೆ ಗುಳೆ ಹೋದರು. ಹನ್ನೆರಡು ವರ್ಷಕ್ಕೆ ತಾಯಿ ಸತ್ತಳು. ಓಕ್ಲೆಂಡ್ ಎಂಬ ಹೆಸರು ನಮ್ಮ ಓದುಗರಿಗೆ ಹೊಸದಲ್ಲ. 1966ರಲ್ಲಿ ಕರಿಚಿರತೆಗಳ ಪಕ್ಷ ಹುಟ್ಟಿದ್ದು ಆ ಊರಿನಲ್ಲೇ. ಅದರ ಹೆಸರನ್ನೇ ತೆಗೆದುಕೊಂಡು 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು.

ಬಾಸ್ಟನ್ನಿಗಾಗಿ ರಸೆಲ್ 13 ಋತು ಆಡಿದ, 11 ಸಲ ತಂಡ ಚಾಂಪಿಯನ್ ಆಯಿತು. 1966ರಲ್ಲಿ ಎನ್.ಬಿ.ಎ.ಯ ಮೊದಲ ಕರಿಯ ಮುಖ್ಯ ತರಬೇತುದಾರನಾದ. ಆಡುತ್ತಲೇ ಆಡಿಸಿ 1968, 1969ರಲ್ಲಿ ಗೆಲ್ಲಿಸಿದ. ವಿಲ್ಟ್‌ಗೆ ವರ್ಷಕ್ಕೆ ಒಂದು ಲಕ್ಷ ಡಾಲರ್ ಎಂದಾಗ, ನನಗೆ ಒಂದು ಲಕ್ಷದ ಮೇಲೆ ಒಂದು ಡಾಲರ್ ಅಂತ ಕೇಳಿ ಪಡೆದ. ಇದೇ ಮನುಷ್ಯ ಬಾಸ್ಟನ್ ಹತ್ತಿರ ಮನೆ ಮಾಡಿದಾಗ ಮನೆಗೆ ನುಗ್ಗಿ ಗೋಡೆಯ ಮೇಲೆ ಬೈಗುಳ ಬರೆದು ಹೊಲಸು ಮಾಡಿ ಹೋದರು. 1963ರಲ್ಲಿ ಮಿಸಿಸಿಪ್ಪಿಯಲ್ಲಿ ಹೋರಾಟಗಾರ ಮೆಡ್ಗರ್ ಎವರ್ಸ್ ಕೊಲೆಯಾದ ಮೇಲೆ ರಸೆಲ್ ಅದೇ ಜಾಕ್ಸನ್ ಊರಿಗೆ ಹೋಗಿ ಕರಿಯ, ಬಿಳಿಯ ಮಕ್ಕಳನ್ನು ಒಟ್ಟಿಗೆ ಸೇರಿಸಿ ಆಟ ಕಲಿಸಿದ. 1967ರಲ್ಲಿ ಮುಹಮ್ಮದ್ ಅಲಿ ಯುದ್ಧಕ್ಕೆ ಹೋಗಲ್ಲ ಎಂದಾಗ ಕ್ಲೀವ್‌ಲೆಂಡ್‌ನಲ್ಲಿ ಅವನ ಪಕ್ಕ ಕೂತ. 1975ರಲ್ಲಿ ಕೀರ್ತಿಮಂದಿರಕ್ಕೆ ಸೇರಿಸುತ್ತೇವೆ ಅಂದರೆ ಸಮಾರಂಭಕ್ಕೇ ಹೋಗಲಿಲ್ಲ. 2019ರಲ್ಲಿ, 85ರ ವಯಸ್ಸಿನಲ್ಲಿ, ಕೆಲವೇ ಗೆಳೆಯರ ಮುಂದೆ ಆ ಉಂಗುರ ತೊಟ್ಟುಕೊಂಡ. ನನಗಿಂತ ಮೊದಲು ಈ ಗೌರವ ಸಲ್ಲಬೇಕಾದವರಿದ್ದರು ಎಂಬ ಅರ್ಥದ ಮಾತಾಡಿದ. ಚಕ್ ಕೂಪರ್‌ಗೆ ಆ ಮಂದಿರದ ಬಾಗಿಲು ತೆರೆದದ್ದು ಅದೇ 2019ರಲ್ಲಿ. ಕೂಪರ್ ಸತ್ತು ಮೂವತ್ತೈದು ವರ್ಷವಾಗಿತ್ತು. ರಸೆಲ್ 2022ರಲ್ಲಿ ತೀರಿಕೊಂಡ. ಅವನು ತೊಡುತ್ತಿದ್ದ 6ನೇ ನಂಬರನ್ನು ಇನ್ನು ಯಾವ ತಂಡವೂ ಹೊಸಬರಿಗೆ ಕೊಡಬಾರದೆಂದು ಎನ್.ಬಿ.ಎ. ತೀರ್ಮಾನಿಸಿತು.

ಆಟವೆಂದರೆ ಬರೀ ಮೈಚಳಕವಲ್ಲ, ದುಡಿಮೆಯೂ ಹೌದು. ಆ ಕಾಲದಲ್ಲಿ ಆಟಗಾರನೆಂದರೆ ಮಾಲೀಕನ ಜೀತದಾಳಿನ ಹಾಗೆ. ಒಂದು ತಂಡಕ್ಕೆ ಸಹಿ ಹಾಕಿದರೆ ಕರಾರು ಮುಗಿದರೂ ಅವನು ಅದೇ ತಂಡದ ಸ್ವತ್ತು. ಮಾರಿದರೆ ಹೋಗಬೇಕು, ಇಟ್ಟುಕೊಂಡರೆ ಇರಬೇಕು. 1964ರ ಜನವರಿಯಲ್ಲಿ ಬಾಸ್ಟನ್ನಿನಲ್ಲಿ ಮೇಲ್ಮಟ್ಟದ ಆಟಗಾರರ ವಿಶೇಷ ಪಂದ್ಯ. ದೂರದರ್ಶನದವರು ಕಾದಿದ್ದಾರೆ. ಕರಿಯರು ಬಿಳಿಯರು ಎನ್ನದೆ ಆಟಗಾರರೆಲ್ಲ ಕೋಣೆಯ ಬಾಗಿಲು ಹಾಕಿಕೊಂಡು ಕೂತರು. ಪಿಂಚಣಿ ಕೊಡುತ್ತೇವೆಂದು ಮಾತು ಕೊಡುವ ತನಕ ಹೊರಗೆ ಬರಲ್ಲ ಎಂದರು. ಮಾತು ಸಿಕ್ಕಿದ ಮೇಲೇ ಆಡಿದರು. ರಸೆಲ್, ವಿಲ್ಟ್, ಬೇಲರ್, ಆಸ್ಕರ್, ಜೆರ್ರಿ ವೆಸ್ಟ್ ಎಲ್ಲರೂ ಆ ಕೋಣೆಯಲ್ಲಿದ್ದರು. ಬೇರೆ ತಂಡದವರು, ಬೇರೆ ಬಣ್ಣದವರು, ಒಂದೇ ಬೇಡಿಕೆ.

ಮರುವರ್ಷ ಆಟಗಾರರ ಸಂಘದ ಅಧ್ಯಕ್ಷನಾದವನು ಆಸ್ಕರ್ ರಾಬರ್ಟ್‌ಸನ್. ಅವನು ಓದಿದ್ದು ಇಂಡಿಯಾನಪೊಲಿಸ್ ಊರಿನಲ್ಲಿ ಕರಿಯ ಮಕ್ಕಳಿಗೇ ಅಂತ ಕಟ್ಟಿದ್ದ ಶಾಲೆಯಲ್ಲಿ. 1955ರಲ್ಲಿ ಆ ಶಾಲೆ ರಾಜ್ಯದ ಚಾಂಪಿಯನ್ ಆದಾಗ, ಗೆದ್ದ ತಂಡಗಳು ಊರ ನಡುವೆ ಹಬ್ಬ ಮಾಡುವ ಪದ್ಧತಿಯನ್ನು ಬದಲಿಸಿ, ಮೆರವಣಿಗೆಯನ್ನು ಕರಿಯರ ಕೇರಿಗೆ ತಿರುಗಿಸಿದರು. ಆ ಗಾಯ ಅವನು ಮರೆಯಲಿಲ್ಲ. 1970ರಲ್ಲಿ ಎನ್.ಬಿ.ಎ. ಮೇಲೆ ಅವನ ಹೆಸರಿನಲ್ಲೇ ದಾವೆ ಹೂಡಿದರು. 1976ರಲ್ಲಿ ರಾಜಿಯಾಯಿತು. ಕರಾರು ಮುಗಿದ ಆಟಗಾರ ಬೇರೆ ತಂಡಕ್ಕೆ ಹೋಗುವ ದಾರಿ ಅಲ್ಲಿಂದ ತೆರೆಯಿತು. 1971ರಲ್ಲಿ ಇನ್ನೊಂದು ಬೇಡಿ ಕಳಚಿತ್ತು. ಶಾಲೆ ಮುಗಿಸಿ ನಾಲ್ಕು ವರ್ಷವಾಗದೆ ವೃತ್ತಿಗೆ ಬರಬಾರದೆಂಬ ಕಟ್ಟಳೆಯ ವಿರುದ್ಧ ಸ್ಪೆನ್ಸರ್ ಹೇವುಡ್ ಸುಪ್ರೀಂ ಕೋರ್ಟಿನವರೆಗೂ ಹೋಗಿ ಗೆದ್ದ. ಮಿಸಿಸಿಪ್ಪಿಯಲ್ಲಿ ಹತ್ತಿ ಬಿಡಿಸುವ ಕೂಲಿ ಕುಟುಂಬದ ಹುಡುಗ ಅವನು. ಇಂದು ಕೋಟಿ ಕೋಟಿ ಎಣಿಸುವ ಆಟಗಾರರ ಸಂಬಳದ ಚೀಟಿಯ ಹಿಂದೆ ಈ ಇಬ್ಬರ ಬೆವರಿದೆ. ಶ್ರೇಷ್ಠರ ಪಟ್ಟಿ ಮಾಡುವಾಗ ಈ ಬೆವರಿಗೂ ಕಾಲಂ ಇಲ್ಲ.

ಹಾಗೆಯೇ ಕಾನಿ ಹಾಕಿನ್ಸ್. 1961ರಲ್ಲಿ ಕಾಲೇಜಿನಲ್ಲಿದ್ದಾಗ ಪಂದ್ಯದ ಜೂಜಿನ ತನಿಖೆಯಲ್ಲಿ ಅವನ ಹೆಸರು ಬಂತು. ಅವನ ಮೇಲೆ ಮೊಕದ್ದಮೆಯೇ ಹೂಡಲಿಲ್ಲ. ಆದರೂ ಎನ್.ಬಿ.ಎ. ಅವನನ್ನು ಹೊರಗಿಟ್ಟಿತು. ನ್ಯಾಯಾಲಯಕ್ಕೆ ಹೋಗಿ 1969ರಲ್ಲಿ ಒಳಗೆ ಬರುವಷ್ಟರಲ್ಲಿ ಅವನ ಹರೆಯದ ಎಂಟು ವರ್ಷ ಹೋಗಿತ್ತು. ಆ ಎಂಟು ವರ್ಷವನ್ನು ಯಾವ ಸರಾಸರಿಯಲ್ಲಿ ಹಿಡಿಯುತ್ತೀರಿ?

ಆಮೇಲೆ ಕರೀಂ ಅಬ್ದುಲ್ ಜಬ್ಬಾರ್. ಮೊದಲ ಹೆಸರು ಲೂ ಆಲ್ಸಿಂಡರ್. ಕಾಲೇಜಿನ ಮೊದಲ ದೊಡ್ಡ ಋತು ಮುಗಿದ ಕೂಡಲೇ, 1967ರಲ್ಲಿ, ಬುಟ್ಟಿಯ ಮೇಲಿಂದಲೇ ಚೆಂಡನ್ನು ತುರುಕುವ ‘ಡಂಕ್’ ಹೊಡೆತವನ್ನು ಕಾಲೇಜು ಆಟದಲ್ಲಿ ನಿಷೇಧಿಸಿದರು. 1976ರವರೆಗೆ ಆ ನಿಷೇಧ ಇತ್ತು. ಅವನು ಬಗ್ಗಲಿಲ್ಲ. ತಲೆಯ ಮೇಲಿಂದ ಕೊಕ್ಕೆಯ ಹಾಗೆ ತಿರುಗಿಸಿ ಎಸೆಯುವುದನ್ನೇ ಅಸ್ತ್ರ ಮಾಡಿಕೊಂಡ. ಅದನ್ನು ತಡೆಯುವವರೇ ಹುಟ್ಟಲಿಲ್ಲ. 1968ರಲ್ಲಿ ತನ್ನ ಜನಕ್ಕೆ ನ್ಯಾಯ ಕೊಡದ ದೇಶಕ್ಕಾಗಿ ಒಲಿಂಪಿಕ್ಸಿನಲ್ಲಿ ಆಡಲಾರೆ ಎಂದು ದೂರ ನಿಂತ. 1971ರಲ್ಲಿ ಹೆಸರು ಬದಲಿಸಿಕೊಂಡ. ಆರು ಚಾಂಪಿಯನ್ ಪಟ್ಟ, ಆರು ಸಲ ಅತ್ಯಮೂಲ್ಯ ಆಟಗಾರ, 38,387 ಅಂಕ. 1989ರಲ್ಲಿ ಅವನು ನಿವೃತ್ತನಾದ ಮೇಲೂ ಆ ಅಂಕದ ದಾಖಲೆ 2023ರ ಫೆಬ್ರವರಿಯವರೆಗೆ ನಿಂತಿತ್ತು.

ಇನ್ನು ಮೈಕಲ್ ಜೋರ್ಡನ್. ಅವನ ಆಟವನ್ನು ಕಡಿಮೆ ಮಾಡಿ ಹೇಳುವವನು ಸುಳ್ಳುಗಾರ. 1991ರಿಂದ 1998ರೊಳಗೆ ಆರು ಅಂತಿಮ ಸರಣಿ ಆಡಿ ಆರನ್ನೂ ಗೆದ್ದ. ಹತ್ತು ವರ್ಷ ಅಂಕ ಗಳಿಕೆಯಲ್ಲಿ ಮೊದಲಿಗ. ಜೀವಮಾನದ ಸರಾಸರಿ 30.1. ತಡೆಯುವ ಆಟದಲ್ಲೂ ಮೇಲುಗೈ. ಆದರೆ ಜೋರ್ಡನ್ ಕಾಲಕ್ಕೆ ಕೊಳಗ ಇನ್ನೊಂದು ಕೈಗೆ ಹೋಯಿತು. ಪತ್ರಕರ್ತನ ಕೈಯಿಂದ ಮಾರುಕಟ್ಟೆಯ ಕೈಗೆ. 1985ರಲ್ಲಿ ಅವನ ಹೆಸರಿನ ಬೂಟು ಅಂಗಡಿಗೆ ಬಂತು. ದೂರದರ್ಶನದ ತಂತಿ ಲೋಕವೆಲ್ಲ ಹಬ್ಬಿತು. ಲೋಕ ಕಂಡ ಮೊದಲ ಆಟಗಾರ ಅವನೇ ಆದ್ದರಿಂದ ಲೋಕದ ಮೊದಲ ಆಟಗಾರನೂ ಅವನೇ ಆದ. 1990ರಲ್ಲಿ ಅವನು ಬೆಳೆದ ಉತ್ತರ ಕೆರೊಲಿನಾದಲ್ಲಿ ಹಾರ್ವೆ ಗ್ಯಾಂಟ್ ಎಂಬ ಕರಿಯ ನಾಯಕ, ಕರಿಯರ ಹಕ್ಕುಗಳನ್ನು ಜೀವಮಾನವಿಡೀ ವಿರೋಧಿಸಿದ ಜೆಸ್ಸಿ ಹೆಲ್ಮ್ಸ್ ಎದುರು ಚುನಾವಣೆಗೆ ನಿಂತ. ಜೋರ್ಡನ್ ಬಹಿರಂಗವಾಗಿ ಬಾಯಿ ಬಿಡಲಿಲ್ಲ. ಅದೇ ತಂಡದ ಕ್ರೇಗ್ ಹಾಜಸ್ 1991ರಲ್ಲಿ ಆಫ್ರಿಕಾದ ಉಡುಪು ತೊಟ್ಟು ಅಧ್ಯಕ್ಷರ ಮನೆಗೆ ಹೋಗಿ, ಬಡ ಕರಿಯರ ಪಾಡಿನ ಬಗ್ಗೆ ಕಾಗದ ಕೊಟ್ಟ. 1992ರಲ್ಲಿ ತಂಡ ಅವನನ್ನು ಕೈಬಿಟ್ಟಿತು. ಇನ್ನೊಂದು ಎನ್.ಬಿ.ಎ. ತಂಡ ಅವನನ್ನು ಕರೆಯಲೇ ಇಲ್ಲ. ದೂರದ ಎಸೆತದ ಸ್ಪರ್ಧೆಯಲ್ಲಿ ಸತತ ಮೂರು ವರ್ಷ ಗೆದ್ದವನು ಅವನು.

ಲೆಬ್ರಾನ್ ಜೇಮ್ಸ್ 1984ರಲ್ಲಿ ಆಕ್ರನ್ ಊರಿನಲ್ಲಿ ಹುಟ್ಟಿದಾಗ ತಾಯಿಗೆ ಹದಿನಾರು ವರ್ಷ. ಶಾಲೆಯಿಂದ ನೇರವಾಗಿ ವೃತ್ತಿಗೆ ಬಂದ. ಆ ದಾರಿ ಹೇವುಡ್ ಕಡಿದದ್ದು. 2010ರಲ್ಲಿ ಕರಾರು ಮುಗಿಸಿ ಬೇರೆ ತಂಡಕ್ಕೆ ಹೋದ. ಆ ದಾರಿ ಆಸ್ಕರ್ ಕಡಿದದ್ದು. ಆಗ ಹಳೆಯ ಊರಿನವರು ಅವನ ಅಂಗಿ ಸುಟ್ಟರು. ನಾಲ್ಕು ಸಲ ಚಾಂಪಿಯನ್ ಆದ, ಕರೀಂ ದಾಖಲೆ ದಾಟಿದ, 2024ರ ಮಾರ್ಚಿನಲ್ಲಿ 40,000 ಅಂಕ ಮುಟ್ಟಿದ ಮೊದಲಿಗನಾದ. ರಾಜಕೀಯ ಮಾತಾಡಿದ್ದಕ್ಕೆ 2018ರಲ್ಲಿ ಒಬ್ಬಳು ಟೀವಿ ನಿರೂಪಕಿ ಬಾಯಿ ಮುಚ್ಚಿಕೊಂಡು ಚೆಂಡು ಪುಟಿಸು ಅನ್ನುವ ಧಾಟಿಯಲ್ಲಿ ಗದರಿದಳು. ಅವನು ಮುಚ್ಚಲಿಲ್ಲ. ಅದೇ ವರ್ಷ ತನ್ನ ಊರಿನಲ್ಲಿ ಹಿಂದುಳಿದ ಮಕ್ಕಳಿಗೆ ಶಾಲೆ ತೆರೆಯಲು ನೆರವಾದ.

ಇಷ್ಟು ಹೊತ್ತೂ ಗಂಡಸರ ಮಾತೇ ಆಡಿದೆವು. ಅದೂ ಒಂದು ಕೊಳಗವೇ, ನಮ್ಮ ಕೈಲೂ ಇದೆ. ಲೂಸಿಯಾ ಹ್ಯಾರಿಸ್ ಮಿಸಿಸಿಪ್ಪಿಯ ಗೇಣಿ ಕುಟುಂಬದ ಮಗಳು. 1975ರಿಂದ 1977ರವರೆಗೆ ತನ್ನ ಕಾಲೇಜಿಗೆ ಸತತ ಮೂರು ಸಲ ರಾಷ್ಟ್ರೀಯ ಪಟ್ಟ ತಂದಳು. 1976ರಲ್ಲಿ ಒಲಿಂಪಿಕ್ಸಿಗೆ ಮಹಿಳಾ ಬ್ಯಾಸ್ಕೆಟ್‌ಬಾಲ್ ಮೊದಲ ಸಲ ಸೇರಿದಾಗ ಮೊದಲ ಅಂಕ ಗಳಿಸಿದವಳು ಆಕೆ. 1977ರಲ್ಲಿ ಎನ್.ಬಿ.ಎ. ತಂಡವೊಂದು ಆಕೆಯ ಹೆಸರನ್ನು ಆರಿಸಿತು. ಆದರೆ ಆಡಲು ನಿಂತ ನೆಲವೆಲ್ಲಿ? ಗಟ್ಟಿಯಾಗಿ ಬೇರೂರಿದ ಮಹಿಳಾ ವೃತ್ತಿಪರ ಸಂಘ ಆಟ ಶುರುಮಾಡಿದ್ದು 1997ರಲ್ಲಿ. ಅಷ್ಟರಲ್ಲಿ ಆಕೆಯ ಹರೆಯ ಮುಗಿದಿತ್ತು. ಲಿನೆಟ್ ವುಡರ್ಡ್ ಕಾಲೇಜಿನಲ್ಲಿ 3,649 ಅಂಕ ಗಳಿಸಿ 1981ರಲ್ಲಿ ಹೊರಬಂದಳು. ಆಗ ಹೆಣ್ಣುಮಕ್ಕಳ ಆಟ ನಡೆಸುತ್ತಿದ್ದ ಸಂಘ ಬೇರೆ ಎಂಬ ಕಾರಣಕ್ಕೆ ಆಮೇಲೆ ಬಂದ ಸಂಘ ತನ್ನ ದಾಖಲೆ ಪುಸ್ತಕದಲ್ಲಿ ಆ ಅಂಕಗಳನ್ನು ಸೇರಿಸಲಿಲ್ಲ. ಚೆಂಡು ಬುಟ್ಟಿಗೆ ಬಿದ್ದಿತ್ತು. ಪುಸ್ತಕಕ್ಕೆ ಬೀಳಲಿಲ್ಲ.

ಎನ್.ಬಿ.ಎ. ತಾನೇ ಹಲವು ಸಲ ಪಟ್ಟಿ ಮಾಡಿದೆ. 25ನೇ ವರ್ಷಕ್ಕೆ 10 ಮಂದಿ, 35ನೇ ವರ್ಷಕ್ಕೆ 11 ಮಂದಿ, 1996ರಲ್ಲಿ 50 ಮಂದಿ, 2021ರಲ್ಲಿ 76 ಮಂದಿ. 1980ರಲ್ಲಿ ಪತ್ರಕರ್ತರೇ ಮತ ಹಾಕಿ ಎನ್.ಬಿ.ಎ. ಚರಿತ್ರೆಯ ಅತಿ ಶ್ರೇಷ್ಠನೆಂದು ರಸೆಲ್‌ನನ್ನು ಸಾರಿದರು. ಇಂದಿನ ಬಹುಪಾಲು ಪಟ್ಟಿಗಳಲ್ಲಿ ಜೋರ್ಡನ್ ಮೊದಲು, ಲೆಬ್ರಾನ್ ಎರಡು. ರಸೆಲ್ ಆಡಿದ ಒಂದು ಪಂದ್ಯವೂ ಈ ನಡುವೆ ಬದಲಾಗಿಲ್ಲ. ನೋಡುವವರು ಬದಲಾದರು. ಮೈಕನ್ನಿಂದ ಇಂದಿನವರೆಗೆ ಅಂತ ಯಾರಾದರೂ ಹೇಳಿದರೂ ‘ಎಲ್ಲ ಕಾಲ’ ಅನ್ನುವ ಮಾತಿನ ಅರ್ಥ ಇಷ್ಟೇ: ಎನ್.ಬಿ.ಎ.ಯ ಕಾಲ, ಅದರಲ್ಲೂ ಬರೆಯುವವನು ಕಂಡ ಕಾಲ. ರೆನ್ಸ್ ಆ ಕಾಲದಲ್ಲಿಲ್ಲ.

ಹಾಗಾದರೆ ಪಟ್ಟಿಯೇ ಬೇಡವೆ? ಬೇಕು. ಮುಟ್ಟದೆ ಬಿಟ್ಟರೆ ಅದು ಅವರ ಕೈಯಲ್ಲೇ ಉಳಿಯುತ್ತದೆ. ಆದರೆ ಒಂದು ಎಚ್ಚರ. ಅವಮಾನ ಉಂಡವನೆಂದು ಆಟಕ್ಕೆ ಅಂಕ ಕೊಡುವುದೂ ಕಳ್ಳ ಕೊಳಗವೇ. ನೋವಿಗೆ ಗೌರವ ಬೇರೆ, ಆಟಕ್ಕೆ ತೀರ್ಪು ಬೇರೆ. ಜೋರ್ಡನ್ ಮೌನವಾಗಿದ್ದನೆಂದು ಅವನ ಜಿಗಿತ ಒಂದಂಗುಲವೂ ಕಡಿಮೆಯಾಗುವುದಿಲ್ಲ.

ನಮ್ಮ ಅಳತೆಯನ್ನು ಮೊದಲೇ ಮುಂದಿಟ್ಟು ಹೇಳುತ್ತೇವೆ. ಇದು ಐದು ಜನರ ಆಟ. ಆದ್ದರಿಂದ ಯಾರ ಇರುವಿಕೆಯಿಂದ ಉಳಿದ ನಾಲ್ವರು ಗೆದ್ದರೋ ಅವನು ಮೊದಲು. ಈ ಅಳತೆಯಲ್ಲಿ ನಮಗೆ ಮೊದಲಿಗ ಬಿಲ್ ರಸೆಲ್. 13ರಲ್ಲಿ 11. ಸೋತರೆ ಮನೆಗೆ ಎಂಬ ಏಳನೇ ಪಂದ್ಯಗಳನ್ನು ಹತ್ತು ಸಲ ಆಡಿದ, ಹತ್ತನ್ನೂ ಗೆದ್ದ. ಎದುರು ನಿಂತು ಆಡಿದವರೇ ಅವನಿಗೆ ಐದು ಸಲ ಮತ ಕೊಟ್ಟರು. ಅವನ ಕಾಲದಲ್ಲಿ ತಂಡಗಳು ಕಡಿಮೆ ಇದ್ದವು, ಶುರುವಿನಲ್ಲಿ ಎಂಟೇ ಇದ್ದವು, ಅವನ ಸಂಗಾತಿಗಳೂ ದೊಡ್ಡ ಆಟಗಾರರು ಅನ್ನುವುದು ನಿಜ. ಈ ತಕರಾರನ್ನು ಒಪ್ಪಿಕೊಂಡೇ ಹೇಳುತ್ತಿದ್ದೇವೆ. ಆಮೇಲೆ ಕರೀಂ, ಜೋರ್ಡನ್, ಲೆಬ್ರಾನ್ ಮೂವರು. ಇಪ್ಪತ್ತು ವರ್ಷದ ದುಡಿಮೆ ಅಳೆದರೆ ಕರೀಂ, ಲೆಬ್ರಾನ್ ಮುಂದೆ. ಒಂದು ಸಂಜೆಯ ಒಂದು ಪಂದ್ಯ ಗೆಲ್ಲಬೇಕೆಂದರೆ ಜೋರ್ಡನ್ ಮುಂದೆ. ಅವರ ಬೆನ್ನಿಗೆ ಆಸ್ಕರ್ ಮತ್ತು ವಿಲ್ಟ್. ಪಟ್ಟಿಯ ತಲೆಯ ಮೇಲೆ ಒಂದು ಸಾಲು ಖಾಲಿ ಬಿಡುತ್ತೇವೆ, ರೆನ್ಸ್‌ಗೆ, ಹಾಕಿನ್ಸ್‌ನ ಎಂಟು ವರ್ಷಕ್ಕೆ, ಲೂಸಿಯಾ ಹ್ಯಾರಿಸ್‌ಗೆ. ಆ ಸಾಲು ಖಾಲಿ ಇರುವ ತನಕ ಕೆಳಗಿನ ಯಾವ ನಂಬರೂ ಪೂರ್ತಿ ನಿಜವಲ್ಲ.

ಹಾಸ್ಟೆಲಿನ ಆ ಚಿಕ್ಕ ಹುಡುಗನಿಗೆ ಈಗ ಹೇಳುತ್ತೇವೆ. ಪಟ್ಟಿ ಬರೆಯೋರು ಯಾರು ಅಂತ ಕೇಳಿದೆಯಲ್ಲಪ್ಪ, ಕೇಳುತ್ತಲೇ ಇರು. ಯಾವ ಪಟ್ಟಿ ಕಂಡರೂ ಕೇಳು. ಅಂಗಳಕ್ಕೆ ಯಾರನ್ನು ಬಿಟ್ಟಿದ್ದರು? ಏನನ್ನು ಎಣಿಸಿದರು? ಏನನ್ನು ಎಣಿಸಲಿಲ್ಲ? ಮತ ಆಡಿದವರದೋ ನೋಡಿದವರದೋ? ನಮ್ಮ ಪಟ್ಟಿಯನ್ನೂ ಬಿಡಬೇಡ, ಇದೇ ನಾಲ್ಕು ಮಾತು ಕೇಳು. ತಪ್ಪಿದ್ದರೆ ತಿದ್ದಿ ಬರೆ, ನಿನ್ನ ಪಟ್ಟಿಯನ್ನು ಇದೇ ಪುಟದಲ್ಲಿ ಹಾಕುತ್ತೇವೆ.